ಆಟದ ಅಂಗಿಗೆ ಬಟ್ಟೆ ಆರಿಸುವಾಗ: ಕಾರ್ಯದರ್ಶಿಯ ಟಿಪ್ಪಣಿ



ರಾಜ್ಯೋತ್ಸವದ ಕಬಡ್ಡಿ, ವಾಲಿಬಾಲ್ ಪಂದ್ಯಗಳಿಗೆ ಈ ಸಲವೂ ನಮ್ಮ ಹುಡುಗರಿಗೆ ಜೆರ್ಸಿ ಮಾಡಿಸಬೇಕಾಗಿದೆ. ಉಟ್ಕೂರ್, ನಾರಾಯಣಪೇಟೆ, ಮಕ್ತಲ್, ಗದ್ವಾಲ ನಾಲ್ಕೂ ಕಡೆಯವರು ವಂತಿಗೆ ಕೊಟ್ಟ ಹಣ ಇದು. ಹಿಂದೆ ಎರಡು ಸಲ ಈ ಹಣ ನೀರಿಗೆ ಹಾಕಿದಂತಾಯಿತು. ಮೊದಲನೆಯ ಸಲದ ತಪ್ಪು ನನ್ನದೇ. ಅಂಗಿ ಎಂದರೆ ಹತ್ತಿಯದೇ ಆಗಬೇಕು, ಕೈಗೆ ಗಟ್ಟಿ ಹತ್ತಬೇಕು ಎಂದು ಹಠ ಹಿಡಿದು ದಪ್ಪ ಟೀ ಶರ್ಟ್ ತರಿಸಿದೆ. ಅರ್ಧ ಆಟಕ್ಕೆ ಹುಡುಗರ ಮೈಗೆ ಒದ್ದೆ ಗೋಣಿ ಸುತ್ತಿದಂತಾಗಿತ್ತು. ಬಿಡುವಿನಲ್ಲಿ ಒಬ್ಬ ಅಂಗಿ ಬಿಚ್ಚಿ ಹಿಂಡಿದಾಗ ನೀರು ಸುರಿದದ್ದನ್ನು ನೋಡಿ ನಾನು ಬೇರೆ ಕಡೆ ಮುಖ ಮಾಡಿದೆ. ಎರಡನೆಯ ಸಲ ಅಗ್ಗದ ಪಾಲಿಯೆಸ್ಟರ್ ತಂದೆವು. ಮೂರು ಅಂಗಿ ಎಳೆದಾಟದಲ್ಲೇ ಹೊಲಿಗೆ ಬಿಟ್ಟವು. ನಾಲ್ಕನೇ ಒಗೆತಕ್ಕೆ ಬೆನ್ನಿನ ನಂಬರ್ ಸಿಪ್ಪೆಯಂತೆ ಎದ್ದು ಬಂತು. ಆಮೇಲೆ ಬಟ್ಟೆ ಬಲ್ಲವರನ್ನು ಕೇಳಿ, ಓದಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾವು ನೇಯ್ಗೆಯ ಸೀಮೆಯವರು. ನಾರಾಯಣಪೇಟೆಯ ಸೀರೆ, ಹತ್ತಿಯ ಒಡಲಿಗೆ ರೇಷ್ಮೆಯ ಅಂಚು ಕೂಡಿಸುವ ಗದ್ವಾಲ ಸೀರೆ ಮನೆಮನೆಗೂ ಗೊತ್ತು. ಅಲ್ಲಿ ಹಾಸು ಒಂದು ದಿಕ್ಕಿಗೆ, ಹೊಕ್ಕು ಅಡ್ಡಕ್ಕೆ. ಬಟ್ಟೆ ಹೆಚ್ಚು ಹಿಗ್ಗುವುದಿಲ್ಲ. ಆಟದ ಅಂಗಿಯ ಬಟ್ಟೆ ನೇಯ್ದದ್ದಲ್ಲ, ಹೆಣೆದದ್ದು. ಸ್ವೆಟರ್ ಹೆಣೆದಂತೆ ಒಂದು ಕುಣಿಕೆಯೊಳಗೆ ಇನ್ನೊಂದು ಕುಣಿಕೆ. ಎಳೆದಾಗ ಕುಣಿಕೆ ಉದ್ದವಾಗುತ್ತದೆ, ಬಿಟ್ಟಾಗ ಹಿಂದಕ್ಕೆ ಬರುತ್ತದೆ. ಬನಿಯನ್ನೂ ಇದೇ ಜಾತಿ. ತಮಿಳುನಾಡಿನ ತಿರುಪ್ಪೂರು ಹೆಸರಾಗಿರುವುದು ಈ ಹೆಣೆದ ಬಟ್ಟೆಗೇ.

ಇನ್ನು ನೂಲಿನ ಮಾತು. ಹತ್ತಿಯ ಎಳೆ ಸಾಮಾನ್ಯ ಗಾಳಿಯಲ್ಲೇ ತನ್ನ ತೂಕದ ಶೇ. 7-8ರಷ್ಟು ತೇವ ಹಿಡಿದಿಟ್ಟುಕೊಳ್ಳುತ್ತದೆ. ಪಾಲಿಯೆಸ್ಟರ್ ಹಿಡಿಯುವುದು ಶೇ. 0.4ರ ಹತ್ತಿರ. ಹತ್ತಿ ಬೆವರನ್ನು ಕುಡಿದು ಕೂರುತ್ತದೆ, ಭಾರವಾಗುತ್ತದೆ, ಒಣಗಲು ಹೊತ್ತು ಬೇಕು. ಪಾಲಿಯೆಸ್ಟರ್ ಕುಡಿಯುವುದಿಲ್ಲ, ಚೆನ್ನಾಗಿ ಹೆಣೆದಿದ್ದರೆ ಎಳೆಗಳ ನಡುವಿನ ಸಂದಿಯಲ್ಲಿ ಬೆವರು ಹರಿದು ಬಟ್ಟೆಯ ಹೊರಮೈಗೆ ಹರಡಿ ಗಾಳಿಗೆ ಆರುತ್ತದೆ. ದೀಪದ ಬತ್ತಿ ಎಣ್ಣೆ ಏರಿಸುವ ಹಾಗೆಯೇ. ಮೈ ತಣ್ಣಗಾಗುವುದು ಆ ಆರುವಿಕೆಯಿಂದ. ನಮ್ಮ ಒಣ ಗಾಳಿಗೆ ಇದು ಹೇಳಿ ಮಾಡಿಸಿದ್ದು. ಮಂಗಳೂರು, ಕಾಸರಗೋಡಿನಂಥ ಜಿಗುಟು ಸೆಕೆಯಲ್ಲಿ ಅಷ್ಟು ಉಪಯೋಗವಾಗದು. ಗಾಳಿಯೇ ತೇವವಾಗಿದ್ದರೆ ಬೆವರು ಎಲ್ಲಿಗೆ ಹೋಗಬೇಕು?

ಹಾಗೆಂದು ಪಾಲಿಯೆಸ್ಟರ್ ಎಂದದ್ದೆಲ್ಲ ಬೆವರು ಎಳೆಯುವುದಿಲ್ಲ. "ಡ್ರೈ ಫಿಟ್" ಎಂಬುದು ಮೂಲದಲ್ಲಿ ನೈಕಿ ಕಂಪನಿಯವರು ತಮ್ಮ ಬಟ್ಟೆಗೆ ಇಟ್ಟ ಹೆಸರು. ನಮ್ಮ ಕಡೆಯ ಪೇಟೆಯಲ್ಲಿ ಹೆಣೆದ ಪಾಲಿಯೆಸ್ಟರ್‌ಗೆಲ್ಲ ಅದೇ ಹೆಸರು ಓಡುತ್ತಿದೆ. ಹೆಸರು ಕೇಳಿ ಮೋಸ ಹೋಗುವ ಬದಲು ಒಂದು ಹನಿ ನೀರು ಹಾಕಿ ನೋಡಿ. ಹನಿ ಕೆಸುವಿನ ಎಲೆಯ ಮೇಲಿನಂತೆ ಗುಂಡಗೆ ನಿಂತರೆ ಆ ಬಟ್ಟೆ ಬೇಡ. ಕೆಲವೇ ಸೆಕೆಂಡಿನಲ್ಲಿ ಹರಡಿದರೆ ಒಳ್ಳೆಯದು. ಅಷ್ಟಕ್ಕೇ ನಿಲ್ಲಬೇಡಿ, ತುಂಡನ್ನು ಐದಾರು ಸಲ ಒಗೆದು ಮತ್ತೆ ಹನಿ ಹಾಕಿ. ಕೆಲವು ಬಟ್ಟೆಗಳಲ್ಲಿ ಈ ಗುಣ ಬರುವುದು ಮೇಲೆ ಸವರಿದ ರಾಸಾಯನಿಕದಿಂದ. ಅದು ಒಗೆತದಲ್ಲಿ ಹೋಗಿಬಿಡುತ್ತದೆ.

ಅಂಗಡಿಯವರು ಜಿ.ಎಸ್.ಎಂ. ಎನ್ನುತ್ತಾರಲ್ಲ, ಅದು ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ತೂಗುತ್ತದೆ ಎಂಬ ಲೆಕ್ಕ. ಅವರ ಮಾತನ್ನೇ ನಂಬಬೇಕಾಗಿಲ್ಲ. ಬಟ್ಟೆಯನ್ನು ಎಳೆಯದೆ 10 ಸೆಂ.ಮೀ. ಉದ್ದ, 10 ಸೆಂ.ಮೀ. ಅಗಲದ ತುಂಡು ಕತ್ತರಿಸಿ, ಪರಿಚಯದ ಬಂಗಾರದ ಅಂಗಡಿಯ ತಕ್ಕಡಿಯಲ್ಲಿ ಇಡಿ. 1.6 ಗ್ರಾಂ ಬಂದರೆ 160 ಜಿ.ಎಸ್.ಎಂ. ನೂರರಿಂದ ಗುಣಿಸಿದರೆ ಆಯಿತು. ನಾನು ಹೀಗೆ ತೂಗಿಸಿದಾಗ ಅಂಗಡಿಯವರು ನಕ್ಕರು, ಆದರೆ 180 ಎಂದು ಹೇಳಿ ಕೊಟ್ಟ ಬಟ್ಟೆ 1.4 ಗ್ರಾಂ ತೂಗಿತು. ಗುಮಾಸ್ತಗಿರಿಯ ಅಭ್ಯಾಸ, ಲೆಕ್ಕ ತಾಳೆಯಾಗದಿದ್ದರೆ ನಿದ್ದೆ ಬಾರದು.

ವಾಲಿಬಾಲ್, ಓಟಕ್ಕೆ 140-160ರ ತೆಳು ಬಟ್ಟೆ ಸಾಕು. ಸಣ್ಣ ಸಣ್ಣ ತೂತಿನಂತೆ ಕಾಣುವ ಡಾಟ್ ನಿಟ್ ಅಥವಾ ಮೆಶ್ ಆಗಬಹುದು. ಕಬಡ್ಡಿಗೆ ಅದು ನಡೆಯದು. ಅಲ್ಲಿ ಎದುರಾಳಿಯ ಕೈ ಮೊದಲು ಹೋಗುವುದೇ ಅಂಗಿಗೆ, ನೆಲಕ್ಕೆ ಉಜ್ಜಿ ಬೀಳುವುದೂ ಉಂಟು. ಅದಕ್ಕೆ ಎರಡು ಮೈ ಸೇರಿಸಿ ಹೆಣೆದ ಇಂಟರ್‌ಲಾಕ್, 180-200ರದ್ದು ಇರಲಿ ಎಂಬುದು ನನ್ನ ಅಭಿಪ್ರಾಯ. ಗುರುತು ಹಿಡಿಯುವುದು ಸುಲಭ: ಹಿಂದು ಮುಂದು ಒಂದೇ ರೀತಿ ಕಾಣುತ್ತದೆ, ಕತ್ತರಿಸಿದ ಅಂಚು ಸುರುಳಿ ಸುತ್ತುವುದಿಲ್ಲ. ಹೊಲಿಗೆಯನ್ನೂ ನೋಡಿ. ಭುಜ, ಕಂಕುಳಿನ ಹೊಲಿಗೆಯನ್ನು ಎರಡೂ ಕೈಯಲ್ಲಿ ಜಗ್ಗಿದಾಗ ದಾರ ಬಟ್ಟೆಯೊಂದಿಗೆ ಹಿಗ್ಗಬೇಕು. ಸಾದಾ ಮಿಷಿನ್ನಿನ ನೇರ ಹೊಲಿಗೆ ಹಿಗ್ಗುವುದಿಲ್ಲ, ಪಟ್ ಎಂದು ಕಿತ್ತುಹೋಗುತ್ತದೆ. ನಮ್ಮ ಮೂರು ಅಂಗಿಗಳಿಗೆ ಆದದ್ದು ಇದೇ.

ಹತ್ತಿಯೋ ಪಾಲಿಯೆಸ್ಟರೋ ಎಂಬ ಅನುಮಾನ ಬಂದರೆ ನಾಲ್ಕು ಎಳೆ ಕಿತ್ತು ಇಕ್ಕಳದಲ್ಲಿ ಹಿಡಿದು ಸುಡಿ. ಹತ್ತಿ ಕಾಗದದ ವಾಸನೆ ಬಂದು ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಕೈಯಲ್ಲಿ ಹಿಡಿಯಬೇಡಿ, ಕರಗಿದ ಹನಿ ಚರ್ಮಕ್ಕೆ ಅಂಟುತ್ತದೆ.

ಹೆಸರು, ನಂಬರ್‌ಗೆ ಅಂಟಿಸುವ ಸ್ಟಿಕರ್ ಬೇಡವೇ ಬೇಡ. ಸಬ್ಲಿಮೇಶನ್ ಎಂಬ ಮುದ್ರಣದಲ್ಲಿ ಸುಮಾರು 200 ಡಿಗ್ರಿ ಕಾವಿಗೆ ಬಣ್ಣ ಆವಿಯಾಗಿ ಪಾಲಿಯೆಸ್ಟರ್ ಎಳೆಯೊಳಗೇ ಸೇರುತ್ತದೆ, ಸಿಪ್ಪೆ ಏಳುವ ಪ್ರಶ್ನೆಯಿಲ್ಲ. ಆದರೆ ಇದು ಬಿಳಿ ಅಥವಾ ತಿಳಿ ಬಣ್ಣದ ಪಾಲಿಯೆಸ್ಟರ್ ಮೇಲೆ ಮಾತ್ರ ಸರಿ ಬರುತ್ತದೆ. ನಮ್ಮ ಹಳದಿ-ಕೆಂಪನ್ನು ಬಿಳಿ ಬಟ್ಟೆಯ ಮೇಲೆಯೇ ಮುದ್ರಿಸಬೇಕು. ಕೆಂಪು ಬಣ್ಣದ ಪಾಲಿಯೆಸ್ಟರ್ ಕೊಂಡು ಮೇಲೆ ಬಿಳಿ ಅಕ್ಷರ ಒತ್ತಿಸಿದರೆ, ಕಾವಿಗೆ ಬಟ್ಟೆಯ ಕೆಂಪು ಮೇಲೇರಿ ಅಕ್ಷರ ಗುಲಾಬಿಯಾಗುವುದುಂಟು.

ಮುಖ್ಯವಾದದ್ದು ಇನ್ನೊಂದಿದೆ, ಕನ್ನಡ ಅಕ್ಷರ. ನಾವು ಕಳಿಸಿದ ಫಾಂಟ್ ಮುದ್ರಿಸುವವರ ಕಂಪ್ಯೂಟರಿನಲ್ಲಿ ಇಲ್ಲದಿದ್ದರೆ ಒತ್ತಕ್ಷರ ಚದುರಿ ಹೋಗುತ್ತದೆ. ಕನ್ನಡ ಸಂಘದ ಹುಡುಗರ ಎದೆಯ ಮೇಲೆ "ಕನ್ನಡ" ಎಂಬುದೇ ನ-ಕಾರದ ಒತ್ತು ಕಳಚಿಕೊಂಡು ನಿಂತರೆ ತಲೆ ಎತ್ತುವುದು ಹೇಗೆ? ಅಕ್ಷರಗಳನ್ನು ಚಿತ್ರವಾಗಿ ಮಾರ್ಪಡಿಸಿಯೇ ಕಳಿಸಬೇಕು. ಒಂದು ಅಂಗಿ ಮುದ್ರಿಸಿ ತೋರಿಸದೆ ಉಳಿದವಕ್ಕೆ ಒಪ್ಪಿಗೆ ಕೊಡಬಾರದು.

ಮನೆಯ ತಾಯಂದಿರಲ್ಲಿ ಒಂದು ವಿನಂತಿ. ಪಾಲಿಯೆಸ್ಟರ್ ಬೆವರಿನ ಎಣ್ಣೆಯನ್ನು ಹಿಡಿದಿಡುತ್ತದೆ, ಆದ್ದರಿಂದ ಬೇಗ ನಾರುತ್ತದೆ. ಆಟ ಮುಗಿದ ದಿನವೇ ತಣ್ಣೀರಿನಲ್ಲಿ ಒಗೆದು ನೆರಳಿಗೆ ಹಾಕಿ. ಬಟ್ಟೆ ಮೃದುವಾಗಲೆಂದು ಹಾಕುವ ಕಂಫರ್ಟ್‌ನಂಥ ದ್ರವ ಬೇಡ, ಅದು ಎಳೆಗೆ ಪದರು ಕಟ್ಟಿ ಬೆವರು ಹರಿಯದಂತೆ ಮಾಡುತ್ತದೆ. ಕಾದ ಇಸ್ತ್ರಿಯನ್ನಂತೂ ಮುಟ್ಟಿಸಲೇಬಾರದು.

ಮೂರು ಕಡೆಯಿಂದ ಬಟ್ಟೆಯ ತುಂಡು ತರಿಸಿದ್ದೇನೆ. ಒಗೆದದ್ದು, ಒಗೆಯದ್ದು ಎರಡನ್ನೂ ತೂಕದ ಚೀಟಿ ಸಮೇತ ಮುಂದಿನ ಸಭೆಯಲ್ಲಿ ಮೇಜಿನ ಮೇಲೆ ಇಡುತ್ತೇನೆ. ಆಡುವ ಹುಡುಗರು ತಪ್ಪದೆ ಬನ್ನಿ. ಮುಟ್ಟಿ, ಜಗ್ಗಿ, ನೀರು ಹಾಕಿ ನೋಡಿ. ಈ ಸಲ ಆರಿಸುವವರು ನೀವು. ನಾನು ಬಿಲ್ಲು ಬರೆದುಕೊಳ್ಳುತ್ತೇನೆ.

ಇಂತಿ,
ಕಾರ್ಯದರ್ಶಿ