ಉಸಿರ ದಾರಿಯ ಕೆಂಪು ಬಲೆ

ಬೆಳಗಿನ ಜಾವ ನಾಲ್ಕು ಗಂಟೆ. ಹೊದಿಕೆ ಸರಿಸಿ ಎದ್ದು ಕುಳಿತ ಹೆಂಗಸು ಎರಡೂ ಅಂಗೈಗಳನ್ನು ಮಂಚದಂಚಿಗೆ ಊರಿ ಮುಂದಕ್ಕೆ ಬಾಗಿದ್ದಾಳೆ. ಭುಜಗಳು ಕಿವಿಯವರೆಗೆ ಏರಿವೆ. ಒಳಗೆ ಹೋದ ಗಾಳಿ ಹೊರಬರಲು ಒದ್ದಾಡುತ್ತ ಸುಂಯ್ ಎಂದು ಸಿಳ್ಳೆ ಹಾಕುತ್ತಿದೆ. ಮನೆಯವರಿಗೆ ಇದು ಗೊತ್ತಿರುವ ಸದ್ದು: ಉಬ್ಬಸ.

ಶ್ವಾಸನಾಳದ ಸುತ್ತಲಿನ ಸ್ನಾಯು ಬಿಗಿಯುತ್ತದೆ, ಕಫ ಕಟ್ಟುತ್ತದೆ ಎಂಬುದನ್ನು ನಾವೆಲ್ಲ ಕೇಳಿದ್ದೇವೆ. ಆ ನಾಳದ ಗೋಡೆಯೊಳಗೆ ನಡೆಯುವುದನ್ನು ಮಾತ್ರ ಯಾರೂ ಅಷ್ಟಾಗಿ ಹೇಳುವುದಿಲ್ಲ.

ಬ್ರಾಂಕೋಸ್ಕೋಪ್ ಎಂಬ ತೆಳು ಕೊಳವೆಯ ಬೆಳಕು ಆರೋಗ್ಯವಂತರ ಶ್ವಾಸನಾಳಕ್ಕೆ ಇಳಿದರೆ ಕಾಣುವುದು ತಿಳಿಗುಲಾಬಿ ಬಣ್ಣದ, ತೇವದಿಂದ ಮಿನುಗುವ ಒಳಪದರ. ಉಬ್ಬಸದವರಲ್ಲಿ ಅದೇ ಪದರ ಹಲವು ಬಾರಿ ಕೆಂಪೇರಿ, ಬಾತುಕೊಂಡಿರುತ್ತದೆ. ಅಲ್ಲಿಂದ ಕಿತ್ತ ಸಾಸಿವೆಯಷ್ಟು ಚೂರಿಗೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಡಿ ಇಟ್ಟಾಗ ಕೆಂಪಿನ ಮೂಲ ತೆರೆದುಕೊಳ್ಳುತ್ತದೆ: ಒಳಪದರದ ಕೆಳಗೆ ಒತ್ತೊತ್ತಾಗಿ ಹೆಣೆದುಕೊಂಡ ಪುಟ್ಟ ರಕ್ತನಾಳಗಳು. 1997ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಇದನ್ನು ಕಂಡದ್ದು ಸೌಮ್ಯ ಉಬ್ಬಸದವರಲ್ಲಿ. ಅದೇ ನನ್ನನ್ನು ಹೆಚ್ಚು ಕಾಡುವ ಸಂಗತಿ. ರೋಗ ಇನ್ನೂ ಹಗುರಾಗಿದೆ ಎಂದುಕೊಳ್ಳುವ ಹೊತ್ತಿಗೇ ಬಲೆಯ ಹೆಣಿಗೆ ಶುರುವಾಗಿರುತ್ತದೆ.

ಹೆಣೆಯುವವರು ಯಾರು? ಕೆರಳಿದ ಒಳಪದರದ ಜೀವಕೋಶಗಳು, ಅಲ್ಲಿಗೆ ಧಾವಿಸಿದ ಇಯೊಸಿನೊಫಿಲ್‌ಗಳು, ಮಾಸ್ಟ್ ಕೋಶಗಳು ಎಂಬ ರೋಗನಿರೋಧಕ ಕೋಶಗಳು. ಇವು ಸುರಿಸುವ ವಿಇಜಿಎಫ್ ಎಂಬ ಪ್ರೋಟೀನು ಹಳೆಯ ನಾಳಗಳಿಂದ ಹೊಸ ಕುಡಿಗಳನ್ನು ಎಬ್ಬಿಸುತ್ತದೆ. ಗಾಯ ಮಾಯಲು ಬೇಕಾದ ಇದೇ ಶಕ್ತಿ ಇಲ್ಲಿ ಹೊರೆಯಾಗುತ್ತದೆ, ಏಕೆಂದರೆ ಅವಸರದಲ್ಲಿ ಹುಟ್ಟಿದ ನಾಳಗಳು ಸೋರುತ್ತವೆ. ರಕ್ತದ ನೀರಿನಂಶ ಜಿನುಗಿ, ಮಳೆ ಕುಡಿದ ಮಣ್ಣಿನ ಗೋಡೆಯಂತೆ ಶ್ವಾಸನಾಳದ ಗೋಡೆ ದಪ್ಪವಾಗುತ್ತದೆ. ಗಾಳಿಯ ದಾರಿ ಅಷ್ಟಷ್ಟೇ ಕಿರಿದಾಗುತ್ತದೆ. ಸಣ್ಣ ಶ್ವಾಸನಾಳದ ಅಗಲ ಅರ್ಧಕ್ಕಿಳಿದರೆ ಗಾಳಿಗೆ ಎದುರಾಗುವ ತಡೆ ಸುಮಾರು 16 ಪಟ್ಟು! ಸೋರುವ ಅದೇ ರಕ್ತನಾಳಗಳ ಮೂಲಕ ಉರಿಯೂತದ ಕೋಶಗಳ ಹೊಸ ದಂಡೂ ಬಂದಿಳಿಯುತ್ತದೆ.

2004ರಲ್ಲಿ ಅಮೆರಿಕದ ಯೇಲ್ ವಿಜ್ಞಾನಿಗಳು ಇಲಿಗಳ ಶ್ವಾಸಕೋಶದಲ್ಲಿ ವಿಇಜಿಎಫ್ ಒಂದನ್ನೇ ಹೆಚ್ಚಿಸಿ ನೋಡಿದರು. ಹೊಸ ರಕ್ತನಾಳ, ಊತ, ಕಫ, ಕೆರಳುವ ಶ್ವಾಸನಾಳ ಎಲ್ಲವೂ ಕಾಣಿಸಿಕೊಂಡವು. ಇಲಿಯಲ್ಲಿ ಕಂಡದ್ದೆಲ್ಲ ಮನುಷ್ಯನಿಗೆ ಹಾಗೆಯೇ ಒಪ್ಪುವುದಿಲ್ಲ. ಉಬ್ಬಸಕ್ಕೆ ಕಾರಣಗಳೂ ಹಲವು. ಆದರೂ ರಕ್ತನಾಳಗಳನ್ನು ಬರೀ ಪ್ರೇಕ್ಷಕರೆಂದು ತಳ್ಳಿಹಾಕುವಂತಿಲ್ಲ.

ದಮ್ಮು ಹತ್ತಿದಾಗ ಎಳೆದುಕೊಳ್ಳುವ ತುರ್ತು ಇನ್‌ಹೇಲರ್ ಬಿಗಿದ ಸ್ನಾಯುವನ್ನು ನಿಮಿಷಗಳಲ್ಲಿ ಸಡಿಲಿಸುತ್ತದೆ. ಬಲೆ ಇದ್ದಲ್ಲೇ ಇರುತ್ತದೆ. ರಕ್ತನಾಳಗಳ ಸೋರಿಕೆ ತಗ್ಗಿಸಿ, ವಾರಗಟ್ಟಲೆ ಬಳಕೆಯ ನಂತರ ಅವುಗಳ ಸಂಖ್ಯೆಯನ್ನೂ ಇಳಿಸಬಲ್ಲದ್ದು ಸ್ಟಿರಾಯ್ಡ್ ಇನ್‌ಹೇಲರ್. ‘ಚಟವಾಗುತ್ತದೆ’ ಎಂಬ ಭಯಕ್ಕೆ ಅದನ್ನು ದೂರವಿಡುವವರು ನಮ್ಮಲ್ಲಿ ಬಹಳ. ಅದು ಚಟವಾಗುವುದಿಲ್ಲ. ಉಸಿರು ಹಗುರಾಯಿತೆಂದು, ವೈದ್ಯರನ್ನು ಕೇಳದೆ, ದಯವಿಟ್ಟು ಅದನ್ನು ನಿಲ್ಲಿಸಬೇಡಿ.