ಕಾಲೇಜಿನಲ್ಲಿ ದೂರು ಕೇಳದಿದ್ದರೆ ಮುಂದೆ ಯಾರ ಬಳಿ ಹೋಗಬೇಕು?



ಸಂಘದಲ್ಲಿ ನೀವು ತೆಗೆಯುವ ಸಾಲಗಳಲ್ಲಿ ಮಕ್ಕಳ ಕಾಲೇಜು ಫೀಸಿಗೆಂದು ತೆಗೆಯುವ ಸಾಲವೂ ಒಂದು. ಹೊಟ್ಟೆ ಬಟ್ಟೆ ಕಟ್ಟಿ ಕಂತು ತೀರಿಸುತ್ತೀರಿ. ಆದರೆ ಕಾಲೇಜಿನವರು ಮೊದಲು ಹೇಳಿದ್ದಕ್ಕಿಂತ ಹೆಚ್ಚು ಹಣ ಕೇಳಿದರೆ, ಸ್ಕಾಲರ್‌ಶಿಪ್ ತಡ ಮಾಡಿದರೆ, ಮಗಳು ಕೋರ್ಸ್ ಬಿಡುತ್ತೇನೆ ಅಂದಾಗ ಒರಿಜಿನಲ್ ಮಾರ್ಕ್ಸ್ ಕಾರ್ಡ್ ಕೊಡದೆ ಸತಾಯಿಸಿದರೆ ಏನು ಮಾಡುತ್ತೀರಿ? ಎಷ್ಟೋ ತಾಯಂದಿರು ಆಫೀಸಿನ ಕಿಟಕಿ ಹತ್ತಿರ ನಿಂತು ಬೇಡಿಕೊಂಡು, ಆಗದಿದ್ದರೆ ಇನ್ನೊಂದು ಸಾಲ ಮಾಡಿ ಕಟ್ಟಿ ಬರುತ್ತಾರೆ. ಅದರ ಬದಲು ಹಿಡಿಯಬಹುದಾದ ಕಾನೂನಿನ ದಾರಿ ಒಂದಿದೆ.

ಬ್ಯಾಂಕಿಗೆ ಹೋದಾಗ ಗೋಡೆ ಮೇಲೆ ‘ಓಂಬುಡ್ಸ್‌ಮನ್’ ಅಂತ ಬರೆದ ಬೋರ್ಡು ನೋಡಿರಬಹುದು. ಬ್ಯಾಂಕು ನಮ್ಮ ದೂರಿಗೆ ಉತ್ತರ ಕೊಡದಿದ್ದರೆ ವಿಚಾರಿಸುವವರು ಅವರು. ಇದು ಸ್ವೀಡನ್ ದೇಶದ ಮಾತು. ಅಧಿಕಾರಿಗಳ ಮೇಲಿನ ದೂರು ಕೇಳಲು ಅಲ್ಲಿ 1809ರಲ್ಲೇ ಇಂಥ ಹುದ್ದೆ ಬಂತು. ವಿಶ್ವವಿದ್ಯಾಲಯಗಳಿಗೆ ಬರುವಾಗ ಬಹಳ ತಡವಾಯಿತು. ಕೆನಡಾದ ಸೈಮನ್ ಫ್ರೇಸರ್ ವಿಶ್ವವಿದ್ಯಾಲಯದಲ್ಲಿ ಇದು ಶುರುವಾದದ್ದು 1965ರಲ್ಲಿ. ನಮ್ಮ ದೇಶದಲ್ಲಿ ಯುಜಿಸಿ 2023ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿಯಮದ ಪ್ರಕಾರ ಪ್ರತಿ ವಿಶ್ವವಿದ್ಯಾಲಯವೂ ಒಬ್ಬರು ‘ಓಂಬುಡ್ಸ್‌ಪರ್ಸನ್’ ಅವರನ್ನು ನೇಮಿಸಬೇಕು. ಅದಕ್ಕೆ ಸೇರಿದ ಕಾಲೇಜುಗಳ ಮಕ್ಕಳಿಗೂ ಅವರೇ. ನಿವೃತ್ತ ಕುಲಪತಿ, ಅನುಭವಿ ನಿವೃತ್ತ ಪ್ರೊಫೆಸರ್ ಅಥವಾ ಮಾಜಿ ಜಿಲ್ಲಾ ನ್ಯಾಯಾಧೀಶರು ಮಾತ್ರ ಈ ಕೆಲಸಕ್ಕೆ ಬರಬಹುದು.

ಆದರೆ ನೇರವಾಗಿ ಅವರ ಬಳಿ ಹೋಗುವ ಹಾಗಿಲ್ಲ. ಇಲ್ಲೇ ಅನೇಕರು ಎಡವುತ್ತಾರೆ. ಮೊದಲು ಕಾಲೇಜಿನ ವಿದ್ಯಾರ್ಥಿ ಕುಂದುಕೊರತೆ ಪರಿಹಾರ ಸಮಿತಿಗೆ ದೂರು ಕೊಡಬೇಕು. ಸಮಿತಿಯಲ್ಲಿ ಒಬ್ಬರಾದರೂ ಮಹಿಳೆ, ಒಬ್ಬರಾದರೂ ಪರಿಶಿಷ್ಟ ಜಾತಿ, ಪಂಗಡ ಅಥವಾ ಹಿಂದುಳಿದ ವರ್ಗದವರು ಇರಲೇಬೇಕು. ಸಾಧ್ಯವಾದಷ್ಟೂ 15 ಕೆಲಸದ ದಿನಗಳೊಳಗೆ ಸಮಿತಿ ವರದಿ ಕೊಡಬೇಕು, ಅದರ ಒಂದು ಪ್ರತಿ ವಿದ್ಯಾರ್ಥಿಗೂ ಸಿಗಬೇಕು. ಅದು ಸಮಾಧಾನ ತರದಿದ್ದರೆ, ತೀರ್ಮಾನ ಕೈಗೆ ಬಂದ 15 ದಿನಗಳೊಳಗೆ ಓಂಬುಡ್ಸ್‌ಪರ್ಸನ್‌ಗೆ ಮೇಲ್ಮನವಿ ಹಾಕಬೇಕು. ಈ 15 ದಿನ ಬಹಳ ಮುಖ್ಯ. ಹಬ್ಬ ಮುಗಿಯಲಿ, ಕೊಯ್ಲು ಮುಗಿಯಲಿ ಅಂತ ಕೂತರೆ ಅವಧಿ ದಾಟಿಹೋಗುತ್ತದೆ. ಓಂಬುಡ್ಸ್‌ಪರ್ಸನ್ ಎರಡೂ ಕಡೆಯವರ ಮಾತು ಕೇಳಿ 30 ದಿನಗಳೊಳಗೆ ಮುಗಿಸಲು ಪ್ರಯತ್ನಿಸಬೇಕು, ಕಾರಣ ಬರೆದು ಆದೇಶ ಕೊಡಬೇಕು.

ದೂರನ್ನು ಕಾಲೇಜಿನ ಆನ್‌ಲೈನ್ ಪೋರ್ಟಲ್‌ನಲ್ಲಿ ಹಾಕಬೇಕು, ಮಗಳೇ ಮೊಬೈಲಿನಲ್ಲಿ ಹಾಕಿಯಾಳು. ಹಾಕಿದ್ದರ ಪ್ರಿಂಟು ತೆಗೆದಿಡಿ. ಕಾಗದದಲ್ಲೂ ಕೊಟ್ಟರೆ ನಿಮ್ಮ ಪ್ರತಿಯ ಮೇಲೆ ತಾರೀಖು ಹಾಕಿಸಿ ಸೀಲು ಒತ್ತಿಸಿಕೊಳ್ಳಿ. ಫೀಸಿನ ರಸೀದಿ, ಸೇರುವಾಗ ಕೊಟ್ಟ ಪ್ರಾಸ್ಪೆಕ್ಟಸ್ ಎಲ್ಲಾ ಒಂದೇ ಫೈಲಿನಲ್ಲಿರಲಿ. ಸಂಘದ ಲೆಕ್ಕ ಬರೆದು ಅಭ್ಯಾಸವಿರುವ ನಿಮಗೆ ಇದನ್ನು ಹೆಚ್ಚು ಹೇಳಬೇಕಿಲ್ಲ. ಬಾಯಿಮಾತಿನಲ್ಲಿ ಎಷ್ಟು ಸಲ ಕೇಳಿದರೂ ಅದು ದೂರು ಆಗುವುದಿಲ್ಲ.

“ದೂರು ಕೊಟ್ಟರೆ ಇಂಟರ್ನಲ್ ಮಾರ್ಕ್ಸ್ ಕಡಿಮೆ ಹಾಕ್ತಾರೆ” ಅಂತ ಮಕ್ಕಳು ಹೆದರುತ್ತಾರೆ. ಹೆದರಿಕೆ ಸುಳ್ಳಲ್ಲ. ವಿಚಾರಣೆಗೆ ತಾನೇ ಹೋಗಲಾಗದಿದ್ದರೆ ವಿದ್ಯಾರ್ಥಿ ತನ್ನ ಪರವಾಗಿ ಬೇರೊಬ್ಬರನ್ನು ಕಳಿಸಲು ನಿಯಮದಲ್ಲಿ ಅವಕಾಶವಿದೆ. ಓದು ಬರಹ ಚೆನ್ನಾಗಿ ಬಲ್ಲ ಸದಸ್ಯೆಯೊಬ್ಬರು ಈ ಕೆಲಸ ಮಾಡಬಹುದಲ್ಲವೇ? ದೂರಿನ ನಂತರ ಪೀಡಿಸಿದರೆ ಅದೂ ಹೊಸ ದೂರಿಗೆ ಕಾರಣವಾಗುತ್ತದೆ.

ಮಾರ್ಕ್ಸ್ ಕಡಿಮೆ ಬಂತು, ಪೇಪರ್ ಮತ್ತೆ ತಿದ್ದಿಸಿ ಅಂತ ಓಂಬುಡ್ಸ್‌ಪರ್ಸನ್ ಬಳಿ ಹೋದರೆ ಸಾಮಾನ್ಯವಾಗಿ ಆಗುವುದಿಲ್ಲ. ಫಲಿತಾಂಶವನ್ನೇ ಬದಲಿಸುವಂಥ ಅಕ್ರಮವೋ ತಾರತಮ್ಯವೋ ನಡೆದಿದೆ ಎಂದು ನಿರ್ದಿಷ್ಟವಾಗಿ ತೋರಿಸಿದರೆ ಮಾತ್ರ ಕೇಳುತ್ತಾರೆ. ಸುಳ್ಳು ದೂರಿಗೆ ಕ್ರಮವೂ ಉಂಟು.

ಎಲ್ಲಾ ಸರಿಯಾಗಿದೆ ಅಂತ ನಾನು ಹೇಳಲಾರೆ. ಓಂಬುಡ್ಸ್‌ಪರ್ಸನ್ ಪೂರ್ಣಾವಧಿಯವರಲ್ಲ, ಅವರನ್ನು ನೇಮಿಸುವುದೂ ಆ ವಿಶ್ವವಿದ್ಯಾಲಯವೇ. 2024ರ ಜೂನ್‌ನಲ್ಲಿ ಯುಜಿಸಿ, ಇನ್ನೂ ನೇಮಕ ಮಾಡದ 157 ವಿಶ್ವವಿದ್ಯಾಲಯಗಳ ಪಟ್ಟಿ ಹೊರಡಿಸಬೇಕಾಯಿತು. ನಮ್ಮ ರಾಜ್ಯದವೂ ಅದರಲ್ಲಿದ್ದವು. ಯಾರೂ ಕೇಳದಿದ್ದರೆ ಯಾರು ನೇಮಿಸುತ್ತಾರೆ? ಓಂಬುಡ್ಸ್‌ಪರ್ಸನ್ ಹೇಳಿದ್ದನ್ನು ಪಾಲಿಸದ ಸಂಸ್ಥೆಯ ಅನುದಾನವನ್ನು ಯುಜಿಸಿ ತಡೆಹಿಡಿಯಬಹುದು, ಆದ್ದರಿಂದ ಈ ದಾರಿಗೆ ಬಲವಂತೂ ಇದೆ.

ಪಿಯುಸಿ, ಐಟಿಐ ಮಕ್ಕಳಿಗೆ ಈ ನಿಯಮ ಬರುವುದಿಲ್ಲ. ರ‍್ಯಾಗಿಂಗ್ ಆದರೆ 1800-180-5522ಕ್ಕೆ ಉಚಿತವಾಗಿ ಫೋನ್ ಮಾಡಿ. ಲೈಂಗಿಕ ಕಿರುಕುಳಕ್ಕೆ ಕಾಲೇಜಿನಲ್ಲೇ ಆಂತರಿಕ ಸಮಿತಿ ಬೇರೆ ಇರಬೇಕು. ಮಗಳನ್ನು ಸೇರಿಸುವ ದಿನವೇ ಈ ಸಮಿತಿಗಳಲ್ಲಿ ಯಾರಿದ್ದಾರೆ, ಓಂಬುಡ್ಸ್‌ಪರ್ಸನ್ ಯಾರು ಎಂದು ಆಫೀಸಿನಲ್ಲಿ ಕೇಳಿ, ಫೀಸಿನ ರಸೀದಿ ಹಿಂದೆ ಬರೆದುಕೊಂಡು ಬನ್ನಿ.