ಒಂದೇ ಬಗೆಯ ಸ್ಪಿನ್ ಹೆಚ್ಚಿರುವ ಎಲೆಕ್ಟ್ರಾನ್ ಕಿರಣ: ಪಿಯು ತರಗತಿಗೆ ವಿವರಿಸುವ ಬಗೆ

ಲೊರೆಂಟ್ಜ್ ಬಲ, ಬೆಳಕಿನ ಧ್ರುವೀಕರಣ, ದ್ಯುತಿವಿದ್ಯುತ್ ಪರಿಣಾಮ: ದ್ವಿತೀಯ ಪಿಯುಸಿಯ ಈ ಮೂರು ಪಾಠಗಳು ವಿದ್ಯಾರ್ಥಿಗಳ ಮನಸ್ಸಿನಲ್ಲಿ ಬೇರೆ ಬೇರೆಯಾಗಿಯೇ ಉಳಿಯುತ್ತವೆ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಭಾಗದಲ್ಲಿ ಪಾಠ ಮಾಡಲಿರುವ ನಮ್ಮ ಪ್ರಶಿಕ್ಷಣಾರ್ಥಿಗಳಿಗೆ, ಮೂರನ್ನೂ ಕೂಡಿಸುವ ಒಂದು ಉದಾಹರಣೆಯನ್ನು ನಾನು ಇಲ್ಲಿ ಸೂಚಿಸುತ್ತೇನೆ. ಇದರ ಉಪಕರಣ ಪಿಯು ಪ್ರಯೋಗಾಲಯದಲ್ಲಿ ಇರುವುದಿಲ್ಲ. ತರ್ಕವನ್ನು ಮಾತ್ರ ಕಪ್ಪುಹಲಗೆಯ ಮೇಲೆಯೇ ಕಟ್ಟಬಹುದು.

ಸಮಸ್ಯೆ. ಎಲೆಕ್ಟ್ರಾನಿನ ಸ್ಪಿನ್ ಅನ್ನು ಯಾವ ದಿಕ್ಕಿನಲ್ಲಿ ಅಳೆದರೂ 'ಮೇಲೆ' ಅಥವಾ 'ಕೆಳಗೆ' ಎಂಬ ಎರಡೇ ಉತ್ತರ ಸಿಗುತ್ತವೆ. ಕಾದ ತಂತಿಯಿಂದ ಹೊರಡುವ ಎಲೆಕ್ಟ್ರಾನ್‌ಗಳಲ್ಲಿ ಎರಡೂ ಸಮಸಮ. ಪರಮಾಣುವಿಗೆ ಬಡಿದು ಚದುರುವಾಗ ಸ್ಪಿನ್‌ನ ಪಾತ್ರವೇನೆಂದು ತಿಳಿಯಲು ಒಂದು ಬಗೆ ಹೆಚ್ಚಿರುವ ಕಿರಣ ಬೇಕು.

1922ರಲ್ಲಿ ಸ್ಟರ್ನ್ ಮತ್ತು ಗೆರ್ಲಾಕ್ ಅಯಸ್ಕಾಂತದಿಂದ ಬೆಳ್ಳಿ ಪರಮಾಣುಗಳ ಕಿರಣವನ್ನು ಎರಡಾಗಿ ಸೀಳಿದರು. ಎಲೆಕ್ಟ್ರಾನ್‌ಗಳನ್ನೂ ಹಾಗೆಯೇ ಸೀಳಬಾರದೇಕೆ? ಈ ಪ್ರಶ್ನೆ ವಿದ್ಯಾರ್ಥಿಗಳಿಂದಲೇ ಬರಲಿ. ಬೆಳ್ಳಿ ಪರಮಾಣುವಿಗೆ ವಿದ್ಯುದಾವೇಶವಿಲ್ಲ, ಎಲೆಕ್ಟ್ರಾನಿಗೆ ಇದೆ. ಲೊರೆಂಟ್ಜ್ ಬಲ ಕಿರಣವನ್ನು ಹರಡಿಬಿಡುವುದರಿಂದ ಸ್ಪಿನ್‌ನ ಸಣ್ಣ ವ್ಯತ್ಯಾಸ ಅದರಲ್ಲಿ ಮುಚ್ಚಿಹೋಗುತ್ತದೆ.

ಪರಿಹಾರ. ಹೊರಬಂದ ಮೇಲೆ ಬೇರ್ಪಡಿಸುವ ಬದಲು, ಹೊರಡುವಾಗಲೇ ಒಂದು ಬಗೆ ಹೆಚ್ಚಿರುವಂತೆ ಮಾಡುತ್ತಾರೆ. 1970ರ ದಶಕದಲ್ಲಿ ಜ್ಯೂರಿಕ್‌ನಲ್ಲಿ ಪಿಯರ್ಸ್ ಮತ್ತು ಮೈಯರ್ ಗ್ಯಾಲಿಯಂ ಆರ್ಸೆನೈಡ್ ಎಂಬ ಅರೆವಾಹಕದ ಮೇಲೆ ವೃತ್ತೀಯ ಧ್ರುವೀಕೃತ ಬೆಳಕು ಬಿಟ್ಟು ಇದನ್ನು ಸಾಧಿಸಿದರು. ಅಂಥ ಬೆಳಕಿನ ಫೋಟಾನ್ ತನ್ನ ಕೋನೀಯ ಸಂವೇಗವನ್ನು ಎಲೆಕ್ಟ್ರಾನಿಗೆ ಒಪ್ಪಿಸುತ್ತದೆ. ಹರಳಿನ ಮೇಲೆ ಸೀಸಿಯಂ ಮತ್ತು ಆಮ್ಲಜನಕದ ತೆಳುಲೇಪವಿದ್ದರೆ ಎಲೆಕ್ಟ್ರಾನ್ ಸುಲಭವಾಗಿ ಹೊರಬರುತ್ತದೆ. ಲೇಪ ಕೆಡದಿರಲು ಅತ್ಯುನ್ನತ ನಿರ್ವಾತ ಬೇಕು.

ಲೇಸರ್ ಬೆಳಕನ್ನು ವೃತ್ತೀಯವಾಗಿಸುವುದು ಕಾಲು-ತರಂಗ ಫಲಕ. ಹಲವು ಬಣ್ಣಗಳಿಗೂ ಹೊಂದುವ ಇಂಥ ಫಲಕದ ವಿನ್ಯಾಸವನ್ನು 1955ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಎಸ್. ಪಂಚರತ್ನಂ ಪ್ರಕಟಿಸಿದರು, ಇದನ್ನು ತರಗತಿಯಲ್ಲಿ ತಪ್ಪದೆ ಹೇಳಿ. ಫಲಕವನ್ನು 90 ಡಿಗ್ರಿ ತಿರುಗಿಸಿದರೆ ಸ್ಪಿನ್ ಮಗುಚುತ್ತದೆ. ಎರಡೂ ಸ್ಥಿತಿಗಳಲ್ಲಿ ಚದುರಿದ ಎಲೆಕ್ಟ್ರಾನ್‌ಗಳನ್ನು ಎಣಿಸಿ ಹೋಲಿಸುವುದೇ ಪ್ರಯೋಗದ ತಿರುಳು.

ಚಟುವಟಿಕೆ. ಈ ಹರಳಿನಲ್ಲಿ ಒಂದು ಬಗೆಯ ಎಲೆಕ್ಟ್ರಾನ್ 3 ಎದ್ದರೆ ಇನ್ನೊಂದು ಬಗೆಯದು 1 ಏಳುತ್ತದೆ. ಮೇಜಿನ ಮೇಲೆ 3 ಜೋಳದ ಕಾಳು, 1 ಕಡಲೆಕಾಳು ಇಡಿಸಿ. ಧ್ರುವೀಕರಣ (3−1)/(3+1), ಅಂದರೆ 50%. ಹೊರಬರುವ ದಾರಿಯಲ್ಲಿ ಕೆಲವು ಸ್ಪಿನ್ ಕದಡುವುದರಿಂದ ಪ್ರಯೋಗದಲ್ಲಿ ಸಿಗುವುದು ಇನ್ನೂ ಕಡಿಮೆ. ಹರಳಿನ ಪದರವನ್ನು ಬಿಗಿತದಲ್ಲಿ ಬೆಳೆಸಿ 80% ದಾಟಿದ್ದಾರೆ.

ಕಾಳಿನ ಹೋಲಿಕೆಗೆ ಮಿತಿಯಿದೆ: ಕಾಳುಗಳ ಭೇದ ಕಣ್ಣಿಗೆ ಕಾಣುತ್ತದೆ, ಸ್ಪಿನ್ ಕಾಣದು. ಅದನ್ನು ತಿಳಿಯಲು, ಓಟಕ್ಕೆ ಅಡ್ಡ ಸ್ಪಿನ್ ಇರುವ ಕಿರಣವನ್ನು ಚಿನ್ನದ ತೆಳುಹಾಳೆಗೆ ಬಡಿಸಿ, ಎಡಕ್ಕೆಷ್ಟು ಬಲಕ್ಕೆಷ್ಟು ಚದುರಿದವೆಂದು ಎಣಿಸುತ್ತಾರೆ. ಇದು ಮಾಟ್ ವಿಧಾನ. ಸ್ಪಿನ್ ಎಂದರೆ ಬುಗುರಿಯಂತೆ ಸುತ್ತುವುದಲ್ಲ ಎಂಬುದನ್ನೂ ಇಲ್ಲಿಯೇ ಸ್ಪಷ್ಟಪಡಿಸಿ.

ಮೌಲ್ಯಮಾಪನ. ಅನುಪಾತ 9:1 ಆದರೆ ಧ್ರುವೀಕರಣವೆಷ್ಟು? 1:1 ಆದರೆ? 80%, ಸೊನ್ನೆ ಎಂದು ಬರೆದರಷ್ಟೇ ಸಾಲದು. ಕಾದ ತಂತಿಯ ಕಿರಣಕ್ಕೆ ಸೊನ್ನೆ ಏಕೆಂದು ವಿದ್ಯಾರ್ಥಿ ತನ್ನ ಮಾತಿನಲ್ಲಿ ಹೇಳಿದರೆ ಪಾಠ ಮುಟ್ಟಿದೆ.